ಬಾಗಿಲು ಹಾಕಿದ ನಂತರದ ಕಾವಲು

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಂಧನೂರನ್ನು ಭತ್ತದ ನಾಡನ್ನಾಗಿ ಮಾಡಿತು. ಅದರ ಹಿಂದೆಯೇ ಅಕ್ಕಿ ಗಿರಣಿಗಳು, ಗೋದಾಮುಗಳು, ಗೊಬ್ಬರ ಮತ್ತು ಕೀಟನಾಶಕಗಳ ಮಳಿಗೆಗಳು ತಲೆಯೆತ್ತಿದವು. ಹಟ್ಟಿ ಚಿನ್ನದ ಗಣಿಯನ್ನು ಹೊಂದಿರುವ ತಾಲ್ಲೂಕಿನ ಕೇಂದ್ರವಾದ ಲಿಂಗಸುಗೂರಿನಲ್ಲಿಯೂ, ಈ ಎರಡು ಪಟ್ಟಣಗಳ ನಡುವಿನ ಹಾದಿಯಲ್ಲಿದ್ದು ತಾನೂ ತಾಲ್ಲೂಕು ಕೇಂದ್ರವಾಗಿರುವ ಮಸ್ಕಿಯಲ್ಲಿಯೂ ವ್ಯಾಪಾರ ಬೆಳೆದಿದೆ. ಆದರೆ ಕಟ್ಟಡಗಳು ಮೇಲೇರಿದ ವೇಗದಲ್ಲಿ ಅಗ್ನಿ ಸುರಕ್ಷತೆಯ ಅರಿವು ಬೆಳೆದಿಲ್ಲವೆಂಬುದು ವಿಷಾದದ ಸಂಗತಿ. ಗೋಡೆಗೆ ತೂಗುಹಾಕಿದ ಒಂದು ಕೆಂಪು ಸಿಲಿಂಡರ್, ಕಪಾಟಿನಲ್ಲಿರುವ ಒಂದು ವಿಮಾ ಪಾಲಿಸಿ: ಬಹುಪಾಲು ವರ್ತಕರ ಮುಂಜಾಗ್ರತೆ ಇಲ್ಲಿಗೇ ಮುಗಿಯುತ್ತದೆ.

ಕೆಳಗೆ ಅಂಗಡಿ, ಮೇಲೆ ಮನೆ ಎಂಬುದು ನಮ್ಮ ಪೇಟೆಗಳ ಹಳೆಯ ಪದ್ಧತಿ. 2025ರ ಮೇ 18ರಂದು ಹೈದರಾಬಾದಿನ ಚಾರ್‌ಮಿನಾರ್ ಬಳಿಯ ಗುಲ್ಜಾರ್ ಹೌಜ್‌ನಲ್ಲಿ ಇಂತಹುದೇ ಕಟ್ಟಡವೊಂದಕ್ಕೆ ಬೆಳಗಿನ ಹೊತ್ತು ಬೆಂಕಿ ತಗುಲಿ 17 ಮಂದಿ ಅಸುನೀಗಿದರು. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಒಂಬತ್ತು ಜೀವಗಳು ಹೋದವು. ಇಂತಹ ದುರಂತಗಳಲ್ಲಿ ಜ್ವಾಲೆಗಿಂತ ಮೊದಲು ಕೊಲ್ಲುವುದು ಹೊಗೆ. ಹೊಗೆಯನ್ನು ಮೊದಲ ಕೆಲವು ನಿಮಿಷಗಳಲ್ಲಿಯೇ ಗುರುತಿಸುವುದು, ಹೊರಬರುವ ದಾರಿ ತೆರೆದಿರುವುದು, ಇವೆರಡರ ಮೇಲೆಯೇ ಎಲ್ಲವೂ ನಿಂತಿದೆ.

ಹೊಸ ಸಂಪರ್ಕಿತ ಎಚ್ಚರಿಕೆ ವ್ಯವಸ್ಥೆಗಳ ಮಹತ್ವ ಇರುವುದು ಇಲ್ಲಿಯೇ. ಹಳೆಯ ಗಂಟೆ ಕಟ್ಟಡದೊಳಗೆ ಮಾತ್ರ ಮೊಳಗುತ್ತದೆ. ರಾತ್ರಿ ಎರಡು ಗಂಟೆಗೆ ಬೀಗ ಹಾಕಿದ ಮಳಿಗೆಯಲ್ಲಿ ಅದನ್ನು ಕೇಳುವವರಾರು? ಹೊಸ ವ್ಯವಸ್ಥೆ ಯಾವ ಕೋಣೆಯ ಯಾವ ಸಂವೇದಕ ಎಚ್ಚರಿಸಿತೆಂಬುದನ್ನು ಮಾಲೀಕನ ಮೊಬೈಲಿಗೆ ತಿಳಿಸುತ್ತದೆ. ನೀರಿನ ತೊಟ್ಟಿ ಬರಿದಾದುದನ್ನು, ಪಂಪಿನ ವಿದ್ಯುತ್ ಕಡಿತಗೊಂಡುದನ್ನು ಸಹ ತಿಳಿಸುವಂತೆ ಅಳವಡಿಸಬಹುದು.

ಆದರೆ ಖರೀದಿಯಲ್ಲಿ ವಿವೇಚನೆ ಬೇಕು. ಅಕ್ಕಿ ಗಿರಣಿಯ ತೌಡಿನ ಧೂಳಿನಲ್ಲಿ ಸಾಮಾನ್ಯ ಹೊಗೆ ಸಂವೇದಕ ಪದೇ ಪದೇ ಸುಳ್ಳು ಎಚ್ಚರಿಕೆ ನೀಡುತ್ತದೆ. ಬೇಸತ್ತ ಕೆಲಸಗಾರರು ಒಂದು ದಿನ ಅದನ್ನು ಆರಿಸಿಬಿಡುತ್ತಾರೆ. ಅಲ್ಲಿಗೆ ಉಷ್ಣ ಸಂವೇದಕವೇ ಯೋಗ್ಯ. ಅದನ್ನೂ ನಮ್ಮ ಬೇಸಿಗೆಯಲ್ಲಿ ಕಾಯುವ ತಗಡಿನ ಮಾಳಿಗೆಯ ಶಾಖವನ್ನು ಗಣನೆಗೆ ತೆಗೆದುಕೊಂಡು ಆರಿಸಬೇಕು. ವಿದ್ಯುತ್ ಮತ್ತು ಇಂಟರ್‌ನೆಟ್ ಎರಡೂ ಕೈಕೊಟ್ಟಾಗ ಬ್ಯಾಟರಿ ಹಾಗೂ ಸಿಮ್ ಕಾರ್ಡಿನ ಮೂಲಕ ಸಂದೇಶ ಹೋಗುವಂತಿರಬೇಕು. ವ್ಯವಸ್ಥೆಯು ಭಾರತೀಯ ಮಾನಕ ಐ.ಎಸ್. 2189ಕ್ಕೆ ಅನುಗುಣವಾಗಿದೆಯೇ ಎಂದು ಮಾರಾಟಗಾರನಿಂದ ಲಿಖಿತವಾಗಿ ಪಡೆಯುವುದು ಉಚಿತ.

ವೆಚ್ಚ ಹೆಚ್ಚೆಂಬ ಆಕ್ಷೇಪವಿದೆ. ಆದರೆ ನಷ್ಟದ ಲೆಕ್ಕವನ್ನು ಪೂರ್ಣವಾಗಿ ಹಾಕಿದವರು ವಿರಳ. 40 ಲಕ್ಷ ರೂಪಾಯಿಯ ದಾಸ್ತಾನಿಗೆ 20 ಲಕ್ಷದ ವಿಮೆಯಷ್ಟೇ ಇದ್ದು 10 ಲಕ್ಷದ ಸರಕು ಸುಟ್ಟರೆ, ಸರಾಸರಿ ನಿಯಮದಂತೆ ದೊರೆಯುವುದು 5 ಲಕ್ಷ ಮಾತ್ರ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿಯೂ ವಿನಾಯಿತಿ ಇರುವುದು ಶೇ. 15ರವರೆಗಿನ ಕೊರತೆಗಷ್ಟೇ. ಇದಲ್ಲದೆ, ನಾಶವಾದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಜಿ.ಎಸ್.ಟಿ. ಕಾಯ್ದೆಯ 17(5)ನೇ ಕಲಮಿನಂತೆ ಹಿಂದಿರುಗಿಸಬೇಕಾಗುತ್ತದೆ. ಸರಕೂ ಹೋಯಿತು, ತೆರಿಗೆಯೂ ಹೋಯಿತು. ಮುಚ್ಚಿದ ಅಂಗಡಿಯಿಂದ ದೂರವಾದ ಗಿರಾಕಿಯನ್ನು ಸಾಮಾನ್ಯ ಅಗ್ನಿ ವಿಮೆ ಮರಳಿ ತಂದುಕೊಡದು.

ಇನ್ನೊಂದು ಮಾತನ್ನು ಮರೆಯಬಾರದು. ಈ ಯಂತ್ರ ಕಾವಲುಗಾರ ಮಾತ್ರವಲ್ಲ, ಸಾಕ್ಷಿಯೂ ಹೌದು. ಯಾವಾಗ ಎಚ್ಚರಿಸಿತು, ಯಾವಾಗ ಅದನ್ನು ಆರಿಸಲಾಯಿತು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಸುಸ್ಥಿತಿಯಲ್ಲಿಟ್ಟವನಿಗೆ ಆ ದಾಖಲೆ ಸರ್ವೇಯರನ ಮುಂದೆ ಆಧಾರ. ನಿರ್ಲಕ್ಷಿಸಿದವನಿಗೆ ಅದೇ ಪ್ರತಿಕೂಲ. ವಾರ್ಷಿಕ ನಿರ್ವಹಣೆಗೆ ಹಣ ತೆಗೆದಿಡದವರು ಯಂತ್ರವನ್ನು ಕೊಳ್ಳದಿರುವುದೇ ಲೇಸು.

ಕೊನೆಗೂ ಸಂದೇಶ ತಲುಪುವುದು ಮನುಷ್ಯನಿಗೆ. ಮಾಲೀಕ ಪರಸ್ಥಳದಲ್ಲಿದ್ದರೆ, ಫೋನ್ ಆರಿದ್ದರೆ ಯಾವ ತಂತ್ರಜ್ಞಾನವೂ ನಿರುಪಯುಕ್ತ. ಆದ್ದರಿಂದ ಮೂರೂ ಪಟ್ಟಣಗಳ ವರ್ತಕ ಸಂಘಗಳು ಬೀದಿವಾರು ಗುಂಪುಗಳನ್ನು ರಚಿಸಿ, ಪ್ರತಿ ಮಳಿಗೆಯ ಎಚ್ಚರಿಕೆ ಕನಿಷ್ಠ ಮೂವರಿಗೆ ಹೋಗುವಂತೆ ಮಾಡಬೇಕು. ಅವರಲ್ಲೊಬ್ಬರು ತಡಮಾಡದೆ 112ಕ್ಕೆ ಕರೆ ಮಾಡುವರು; ಕೀಲಿಕೈ ಉಳ್ಳವರು ಬಾಗಿಲಿಗೆ ಧಾವಿಸುವರು. ಸಂಘವೇ ಒಟ್ಟಾಗಿ ಖರೀದಿಸಿದರೆ ದರ ಇಳಿಸಿಕೊಳ್ಳುವುದೂ, ನಿರ್ವಹಣೆಗೆ ಒಬ್ಬ ತಂತ್ರಜ್ಞನನ್ನು ನೇಮಿಸಿಕೊಳ್ಳುವುದೂ ಸುಲಭ. ಅಷ್ಟಕ್ಕೂ ಶಕ್ತಿಯಿಲ್ಲದವರು ಸಡಿಲ ವೈರಿಂಗ್ ಸರಿಪಡಿಸಿ, ಮೆಟ್ಟಿಲ ಮೇಲಿನ ಪೆಟ್ಟಿಗೆಗಳನ್ನು ತೆರವುಗೊಳಿಸಿ, ಲೆಕ್ಕಪತ್ರದ ಒಂದು ಪ್ರತಿಯನ್ನು ಬೇರೆಡೆ ಇರಿಸಲಿ. ಇದಕ್ಕೆ ಹೆಚ್ಚಿನ ಖರ್ಚಿಲ್ಲ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆ ಎಲ್ಲರಿಗೂ ಗೊತ್ತು. ಬಾವಿ ತೋಡುವ ಕಾಲ ಬೇಸಿಗೆಗೆ ಮುಂಚಿನದು ಎಂಬುದನ್ನು ವರ್ತಕರು ಮನಗಾಣಬೇಕಾಗಿದೆ.