ಕಮಿಟ್ ಎಣಿಸೋದು ಬಿಟ್ಟು ಹೆಸರು ಬರೆಯೋಣ

ಇಂಟರ್ನ್‌ಶಿಪ್ ಸೀಸನ್ ಹತ್ತಿರ ಬಂತು ಅಂದ್ರೆ ಸಾಕು, ನಮ್ಮ ಬ್ಯಾಚಲ್ಲಿ ಎಲ್ಲರ ಕಣ್ಣು ಗಿಟ್‌ಹಬ್‌ನ ಹಸಿರು ಚೌಕಗಳ ಮೇಲೆ. "ಮಗಾ, ನಿಂದೆಷ್ಟು ಕಮಿಟ್ ಆಯ್ತು?" ಅನ್ನೋದೇ ಮಾತು. ರೀಡ್‌ಮೀ ಫೈಲಲ್ಲಿ ಒಂದು ಸ್ಪೇಸ್ ಸೇರಿಸಿದರೂ ಒಂದು ಕಮಿಟ್, ಮೂರು ರಾತ್ರಿ ಕೂತು ಬಗ್ ಹಿಡಿದರೂ ಒಂದೇ ಕಮಿಟ್. ಹೀಗಿರುವಾಗ ಈ ಲೆಕ್ಕದಿಂದ ಗೊತ್ತಾಗೋದಾದರೂ ಏನು?

ಸಾವಿರಾರು ಜನ ಒಟ್ಟಿಗೆ ಬರೆಯೋ ಲಿನಕ್ಸ್ ಕರ್ನಲ್ ಕಡೆ ನೋಡೋಣ. ಅಲ್ಲಿ ಸುಮಾರು 9-10 ವಾರಕ್ಕೊಂದು ಹೊಸ ಆವೃತ್ತಿ ಬರುತ್ತೆ, ಪ್ರತಿ ಸಲ 10,000ಕ್ಕೂ ಹೆಚ್ಚು ಬದಲಾವಣೆ. 2003ರಲ್ಲಿ ಎಸ್‌ಸಿಓ ಅನ್ನೋ ಕಂಪನಿ, ತನ್ನ ಯುನಿಕ್ಸ್ ಕೋಡ್ ಲಿನಕ್ಸ್ ಒಳಗೆ ಸೇರಿಕೊಂಡಿದೆ ಅಂತ ಐಬಿಎಂ ಮೇಲೆ ಕೇಸ್ ಹಾಕಿತು. ಯಾವ ಸಾಲು ಯಾರ ಕೈಯಿಂದ ಬಂತು ಅಂತ ತೋರಿಸೋದು ಆಗ ಅನಿವಾರ್ಯ ಆಯ್ತು. 2004ರಲ್ಲಿ ಲಿನಸ್ ಟೊರ್ವಾಲ್ಡ್ಸ್ 'ಸೈನ್ಡ್-ಆಫ್-ಬೈ' ಅನ್ನೋ ಸಾಲನ್ನು ಜಾರಿಗೆ ತಂದರು. "ಈ ಕೋಡ್ ಕೊಡೋಕೆ ನನಗೆ ಹಕ್ಕಿದೆ" ಅಂತ ಬರೆದವರು ಹೆಸರು, ಇಮೇಲ್ ಹಾಕಬೇಕು. ಅದನ್ನು ಮುಂದೆ ದಾಟಿಸೋ ಮೇಂಟೇನರ್ ಕೂಡ ಅದರ ಕೆಳಗೆ ತಮ್ಮ ಹೆಸರು ಸೇರಿಸಬೇಕು. 2005ರಲ್ಲಿ ಅವರೇ ಶುರುಮಾಡಿದ ಗಿಟ್ ಸಹ ಬರೆದವರನ್ನೂ ಸೇರಿಸಿದವರನ್ನೂ ಬೇರೆಬೇರೆಯಾಗಿ ದಾಖಲಿಸುತ್ತೆ.

ನಮಗೆ ಇನ್ನೂ ಇಷ್ಟವಾಗೋದು ಅದರ ಜೊತೆ ಇರೋ ಬೇರೆ ಸಾಲುಗಳು. ಓದಿ ಪರಿಶೀಲಿಸಿದವರಿಗೆ 'ರಿವ್ಯೂಡ್-ಬೈ', ಓಡಿಸಿ ನೋಡಿದವರಿಗೆ 'ಟೆಸ್ಟೆಡ್-ಬೈ', ತೊಂದರೆ ಇದೆ ಅಂತ ಹೇಳಿದವರಿಗೆ 'ರಿಪೋರ್ಟೆಡ್-ಬೈ'. ಒಂದು ಸಾಲು ಕೋಡ್ ಬರೆಯದವರ ಹೆಸರೂ ಕರ್ನಲ್ ಇತಿಹಾಸದಲ್ಲಿ ಉಳಿಯುತ್ತೆ.

ಬರೀ ಸಾಲು ಎಣಿಸಿದರೆ ಏನಾಗುತ್ತೆ ಅನ್ನೋದಕ್ಕೂ ಕರ್ನಲ್ಲಲ್ಲೇ ಉದಾಹರಣೆ ಇದೆ. ಎಎಂಡಿ ಗ್ರಾಫಿಕ್ಸ್ ಡ್ರೈವರ್‌ನಲ್ಲಿ ಲಕ್ಷಗಟ್ಟಲೆ ಸಾಲುಗಳು ಯಂತ್ರವೇ ಬರೆದ ರಿಜಿಸ್ಟರ್ ಪಟ್ಟಿಗಳು. ಅವು ಬೇಕಾದವೇ, ಆದ್ರೆ ಅಷ್ಟೂ ಸಾಲನ್ನು ಯಾರೂ ತಲೆ ಕೆಡಿಸಿಕೊಂಡು ಬರೆದಿಲ್ಲ.

ಈಗ ನಮ್ಮ ಮಿನಿ ಪ್ರಾಜೆಕ್ಟ್‌ಗೆ ಬರೋಣ. ರಿಪೋರ್ಟಲ್ಲಿ ನಾಲ್ಕು ಹೆಸರು, ಗಿಟ್ ಲಾಗಲ್ಲಿ ಒಂದೇ ಹೆಸರು. ಆ ಒಬ್ಬರಿಗೆ ಉಳಿದವರ ಮೇಲೆ ಸಿಟ್ಟು. ಆದ್ರೆ ಉಳಿದ ಮೂವರಲ್ಲಿ ಒಬ್ಬರು ಸೆನ್ಸರ್ ಹಿಡ್ಕೊಂಡು ದಿನವಿಡೀ ರೀಡಿಂಗ್ ತೆಗೆದಿರ್ತಾರೆ, ಇನ್ನೊಬ್ಬರು ಆ್ಯಪ್ ಎಲ್ಲಿ ಕ್ರ್ಯಾಶ್ ಆಗುತ್ತೆ ಅಂತ ಹುಡುಕಿರ್ತಾರೆ. ಮತ್ತೊಬ್ಬರು ನಿಜವಾಗ್ಲೂ ಏನೂ ಮಾಡದೇ ಇರಬಹುದು. ಕಮಿಟ್ ಲೆಕ್ಕ ಈ ಮೂವರನ್ನೂ ಒಂದೇ ತಕ್ಕಡಿಗೆ ಹಾಕಿ ಸೊನ್ನೆ ಅಂತ ತೋರಿಸುತ್ತೆ. ರಿಪೋರ್ಟ್ ಮೂವರಿಗೂ ಸಮಪಾಲು ಕೊಡುತ್ತೆ. ಎರಡೂ ಅನ್ಯಾಯವೇ.

"ಟೆಸ್ಟೆಡ್-ಬೈ ಅಂತ ಸುಮ್ನೆ ಹಾಕ್ಕೊಂಡ್ರೆ?" ಅಂತ ಕೇಳಬಹುದು. ಹಾಕ್ಕೊಳ್ಳಲಿ. ಡೆಮೋ ದಿನ ಆ ಭಾಗ ಕೈಕೊಟ್ಟರೆ ವೈವಾದಲ್ಲಿ ಮೊದಲ ಪ್ರಶ್ನೆ ಆ ಹೆಸರಿನವರಿಗೇ ಬರಲಿ. ಹೆಸರು ಹಾಕೋದು ಅಂದ್ರೆ ಶಹಬ್ಬಾಸ್ ಜೊತೆಗೆ ಜವಾಬ್ದಾರಿನೂ ತಗೊಂಡ ಹಾಗೆ.

ಹಾಗಾಗಿ ಮುಂದಿನ ಸೆಮ್‌ನಿಂದ ಪ್ರತಿ ಕಮಿಟ್ ಕೆಳಗೆ ಈ ಸಾಲುಗಳನ್ನು ಬರೆಯೋಣ. ಗೈಡ್‌ಗಳೂ ಮಾರ್ಕ್ಸ್ ಕೊಡೋ ಮುಂಚೆ ಒಮ್ಮೆ ಗಿಟ್ ಲಾಗ್ ತೆರೆದು, ಯಾರು ಏನು ಮಾಡಿದ್ರು ಅಂತ ಓದಲಿ. ಖರ್ಚು ಒಂದು ರೂಪಾಯಿನೂ ಇಲ್ಲ, ಕಮಿಟ್‌ಗೆ ಎರಡು ಸಾಲು ಅಷ್ಟೇ.