ಕೊಳಾಯಿಯ ಲೆಕ್ಕ, ಬಿಂದಿಗೆಯ ಲೆಕ್ಕ

ಎಂದೂ ಬಿಂದಿಗೆ ಹೊರದ ಗಂಡಸಿಗೆ ನೀರಿನ ಮಾತೇಕೆ ಎಂದು ನನ್ನ ಸಹಪಾಠಿ ಸೋದರಿಯರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ನಮ್ಮ ಮನೆಯಲ್ಲಿ ನೀರು ಹೊತ್ತವಳು ನನ್ನ ಅಕ್ಕ. ಕಾಲೇಜಿನ ಮೆಟ್ಟಿಲು ಹತ್ತಿದವನು ನಾನು. ಈ ಎರಡು ಸಂಗತಿಗಳಿಗೂ ಇರುವ ಸಂಬಂಧ ನನಗೆ ಅರಿವಾದದ್ದು ಈಚೆಗೆ. ಅದರಿಂದಲೇ ಈ ನಾಲ್ಕು ಮಾತು ಬರೆಯುವ ಸಾಹಸ ಮಾಡಿದ್ದೇನೆ.

ನಮ್ಮದು ಕೋಲಾರ ಜಿಲ್ಲೆಯ ಒಂದು ಚಿಕ್ಕ ಹಳ್ಳಿ. ವರ್ಷವೆಲ್ಲ ಹರಿಯುವ ನದಿ ನಮ್ಮ ಜಿಲ್ಲೆಗಿಲ್ಲ. ಹಿರಿಯರು ಕೆರೆ ಕಟ್ಟಿ ಬದುಕಿದರು. ನಾವು ಕೊಳವೆಬಾವಿ ಕೊರೆಯುತ್ತ ಸಾವಿರ ಅಡಿ ದಾಟಿದ್ದೇವೆ. ನನ್ನ ಬಾಲ್ಯದಲ್ಲಿ ಊರ ನಡುವಿನ ಮಿನಿ ಟ್ಯಾಂಕಿಗೆ ನೀರು ಏರುತ್ತಿದ್ದುದು ಕರೆಂಟು ಬಂದಾಗ. ಕರೆಂಟು ಬರುತ್ತಿದ್ದುದು ನಡುರಾತ್ರಿಯಲ್ಲಿ, ಇಲ್ಲವೆ ಶಾಲೆಯ ಹೊತ್ತಿನಲ್ಲಿ. ಅಪ್ಪ ಅಮ್ಮ ಕೂಲಿಗೆ ಹೋದರೆ ಸಾಲಿನಲ್ಲಿ ನಿಲ್ಲುವವಳು ಅಕ್ಕ. ಶಾಲೆ ಬಿಡು ಎಂದು ಅವಳಿಗೆ ಯಾರೂ ಹೇಳಲಿಲ್ಲ. ತಡವಾಗಿ ಹೋದಳು, ಬಾಗಿಲ ಹೊರಗೆ ನಿಂತಳು, ಏಳನೆಯ ತರಗತಿಯಲ್ಲಿ ಒಂದು ದಿನ ಹೋಗುವುದನ್ನೇ ನಿಲ್ಲಿಸಿದಳು. ನಾನು ಹೊತ್ತಿಗೆ ಸರಿಯಾಗಿ ಸ್ನಾನ ಮಾಡಿ, ತಲೆ ಬಾಚಿ ಶಾಲೆಗೆ ಹೋದೆ.

ಸರ್ಕಾರದ ಪ್ರಯತ್ನವನ್ನು ಹಳಿಯುವುದು ನನ್ನ ಉದ್ದೇಶವಲ್ಲ. 2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಘೋಷಣೆಯಾದಾಗ ದೇಶದ ಗ್ರಾಮೀಣ ಮನೆಗಳಲ್ಲಿ ಸುಮಾರು 3.23 ಕೋಟಿಗೆ, ಎಂದರೆ ನೂರಕ್ಕೆ ಹದಿನೇಳಕ್ಕೆ ಮಾತ್ರ ಕೊಳಾಯಿ ಇತ್ತು. 2025ರ ಆರಂಭದ ಸರ್ಕಾರಿ ಲೆಕ್ಕದಂತೆ ಅದು 15 ಕೋಟಿ ಮುಟ್ಟಿತ್ತು. ನೂರಕ್ಕೆ ಸುಮಾರು ಎಂಬತ್ತು. ನಮ್ಮ ರಾಜ್ಯದಲ್ಲಿ ಇದು ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಿಂದ ನಡೆಯಿತು. 2024ಕ್ಕೆ ಮುಗಿಯಬೇಕಿದ್ದ ಈ ಕಾರ್ಯವನ್ನು 2028ರವರೆಗೆ ವಿಸ್ತರಿಸುವುದಾಗಿ 2025ರ ಕೇಂದ್ರ ಮುಂಗಡಪತ್ರದಲ್ಲಿ ಪ್ರಕಟಿಸಲಾಯಿತು. ಇಷ್ಟು ಅಲ್ಪ ಕಾಲದಲ್ಲಿ ಇಷ್ಟು ಮನೆಗಳಿಗೆ ಪೈಪು ಎಳೆದದ್ದು ಸಾಮಾನ್ಯ ಸಾಧನೆಯಲ್ಲ.

ಆದರೆ ಯೋಜನೆಯ ಮಾತು ಕೊಳಾಯಿಯಷ್ಟೇ ಅಲ್ಲ; ತಲೆಗೆ ದಿನಕ್ಕೆ 55 ಲೀಟರು ಶುದ್ಧ ನೀರು. ಐದು ಜನರ ಮನೆಗೆ 275 ಲೀಟರು. ನಮ್ಮ ಬಿಂದಿಗೆ ಸುಮಾರು 15 ಲೀಟರು ಹಿಡಿಯುತ್ತದೆ. ಎಂದರೆ ಕೊಳಾಯಿಯಲ್ಲಿ ನೀರು ಬಾರದ ದಿನ ಅಷ್ಟು ನೀರು ಬೇಕಾದರೆ ಯಾವಳೋ ಒಬ್ಬಳು ಹದಿನೆಂಟು ಸಲ ನಡೆಯಬೇಕು. ಈ ಹದಿನೆಂಟು ನಡಿಗೆ ಯಾವ ಕಡತದಲ್ಲಿಯೂ ಇಲ್ಲ.

ನಮ್ಮ ಮನೆಗೂ 2022ರಲ್ಲಿ ಕೊಳಾಯಿ ಬಂತು. ಅಮ್ಮನನ್ನು ಅದರ ಪಕ್ಕ ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋದರು. ಒಂದು ಬೇಸಿಗೆಯವರೆಗೆ ನೀರೂ ಬಂತು. ಕೊಳವೆಬಾವಿ ಬತ್ತಿದ ಮೇಲೆ ಮೂರು ದಿನಕ್ಕೊಮ್ಮೆ ಅರ್ಧ ಗಂಟೆ. ಬರುವ ನೀರಿನಲ್ಲಿಯೂ ಫ್ಲೋರೈಡು, ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ಸಲ್ಲದು. ನಮ್ಮ ಸೀಮೆಯ ಮಕ್ಕಳ ಹಲ್ಲಿನ ಕಂದು ಕಲೆಯೇ ಅದಕ್ಕೆ ಸಾಕ್ಷಿ. ಆದ್ದರಿಂದ ಕುಡಿಯುವುದಕ್ಕೆ ಐದು ರೂಪಾಯಿ ನಾಣ್ಯ ಹಿಡಿದು ಶುದ್ಧ ನೀರಿನ ಘಟಕಕ್ಕೆ ಹೋಗಬೇಕು. ಆದರೂ ಲೆಕ್ಕದಲ್ಲಿ ನಮ್ಮದು ಕೊಳಾಯಿ ಇರುವ ಮನೆ.

ತಪ್ಪು ಸರ್ಕಾರದ್ದು ಮಾತ್ರವೆ? ಹಾಗೆನ್ನಲಾರೆ. ಹಿಂದೆ ಕೆರೆಯ ತೂಬು ನೋಡಿಕೊಳ್ಳುವ ನೀರಗಂಟಿಗೆ ಊರವರು ಕಣದಲ್ಲಿಯೇ ಧಾನ್ಯ ಅಳೆದು ಕೊಡುತ್ತಿದ್ದರು. ಕೆರೆ ನಮ್ಮದೆಂಬ ಭಾವನೆ ಇತ್ತು. ಇಂದಿನ ನೀರಗಂಟಿ ವಾಲ್ವ್ ತಿರುಗಿಸುತ್ತಾನೆ. ಅವನಿಗೆ ಸಂಬಳ ತಡವಾದರೆ ನಾವು ಕೇಳುವುದಿಲ್ಲ, ನೀರಿನ ಕಂದಾಯ ಕಟ್ಟೆಂದರೆ ಮುಖ ತಿರುಗಿಸುತ್ತೇವೆ. ಕೆರೆಯಂಗಳ ಒತ್ತುವರಿಯಾಗುತ್ತಿದ್ದರೂ ಸುಮ್ಮನಿರುತ್ತೇವೆ. ಕೆರೆ ತುಂಬದೆ ಕೊಳವೆಬಾವಿ ತುಂಬೀತೆ?

ಮೊದಲು ಪೈಪು ಬರಲಿ, ನೀರು ತಾನಾಗಿ ಬರುತ್ತದೆ ಎನ್ನುವವರುಂಟು. ಪೈಪು ಮೊದಲ ಹೆಜ್ಜೆ ಎಂಬುದನ್ನು ಒಪ್ಪುತ್ತೇನೆ. ಆದರೆ ಮೊದಲ ಹೆಜ್ಜೆಯನ್ನೇ ಊರು ಮುಟ್ಟಿದ್ದೆಂದು ಬರೆದುಕೊಂಡರೆ ಎರಡನೆಯ ಹೆಜ್ಜೆ ಇಡುವವರಾರು? ಕೊಳಾಯಿಗಳನ್ನು ಎಣಿಸಿದ್ದು ಸಾಕು. ಹೆಂಗಸರು ಇನ್ನೂ ಹೊರುತ್ತಿರುವ ಬಿಂದಿಗೆಗಳನ್ನು ಎಣಿಸಬೇಕು ಎಂಬುದೇ ನನ್ನ ವಾದ. ಗ್ರಾಮದ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕೆಂದು ಮಿಷನ್ನಿನ ನಿಯಮವೇ ಹೇಳುತ್ತದೆ. ಊರಿಗೆ ನೀರು ಬಂದಿದೆಯೆ ಇಲ್ಲವೆ ಎಂಬ ತೀರ್ಪು ಗ್ರಾಮಸಭೆಯಲ್ಲಿ ಅವರ ಬಾಯಿಂದಲೇ ಬರಲಿ.

ನಮ್ಮಿಂದಲೂ ಒಂದು ಕೆಲಸ ಆಗಬಹುದು. ಪ್ರತಿ ವರ್ಷ ಎನ್.ಎಸ್.ಎಸ್. ಶಿಬಿರಕ್ಕೆ ಹಳ್ಳಿಗೆ ಹೋಗಿ ರಸ್ತೆ ಗುಡಿಸಿ ಬರುತ್ತೇವೆ. ಮುಂದಿನ ಸಲ ಒಂದೊಂದು ನೋಟುಬುಕ್ಕು ಕೊಂಡೊಯ್ದು, ಪ್ರತಿ ಮನೆಯಲ್ಲಿ ನಿನ್ನೆ ಎಷ್ಟು ಬಿಂದಿಗೆ ಹೊತ್ತಿರಿ, ಹೊತ್ತವರಾರು, ಅವರ ವಯಸ್ಸೇನು ಎಂದು ಬರೆದು ಪಂಚಾಯಿತಿಗೆ ಕೊಡೋಣ. ಅಧ್ಯಾಪಕ ವೃಂದದವರು ಇದಕ್ಕೆ ಮಾರ್ಗದರ್ಶನ ಮಾಡಬೇಕೆಂದು ವಿನಂತಿಸುತ್ತೇನೆ.

ಕಳೆದ ಯುಗಾದಿಗೆ ತವರಿಗೆ ಬಂದ ಅಕ್ಕ ಕೊಳಾಯಿ ತಿರುಗಿಸಿ ನೋಡಿ, ನಕ್ಕು, ಬಿಂದಿಗೆ ತೆಗೆದುಕೊಂಡಳು. ಐದು ವರ್ಷದ ಅವಳ ಮಗಳು ಒಂದು ಚಿಕ್ಕ ಚೊಂಬು ಹಿಡಿದು ಹಿಂದೆ ಹೊರಟಳು. ಅಂದು ಮೊದಲ ಬಾರಿಗೆ ಆ ಬಿಂದಿಗೆಯನ್ನು ನಾನು ಹೊತ್ತೆ. ಮೂರನೆಯ ಸಲಕ್ಕೆ ಹೆಗಲು ನೋಯತೊಡಗಿತು. ಇನ್ನೂ ಹದಿನೈದು ಸಲ ಉಳಿದಿತ್ತು.