ಕಂದಾಯ ಕಟ್ಟು, ಇಲ್ಲವೇ ಬಾಯ್ಲರ್ ಹಾಕು

ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವವನ ಶೆಡ್ಡಿಗೂ ನಗರಸಭೆಯ ಕಂದಾಯವಿದೆ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ, ಗಡುವು ಮೀರಿದರೆ ತಿಂಗಳಿಗೆ ಶೇ 2 ದಂಡ. ಗೂಡಿನ ದರ ಏರಲಿ, ರೇಷ್ಮೆ ದರ ಬೀಳಲಿ, ಅವನನ್ನು ಕರೆದು ‘ನೀನು ಹಸಿರು ಉದ್ಯಮಿ, ಕಟ್ಟಬೇಡ ಹೋಗು’ ಎಂದವರಿಲ್ಲ. ಅವನ ಒಲೆಯಲ್ಲೂ ಉರಿಯುವುದು ನೀಲಗಿರಿ ಸೌದೆಯೇ. ಅದೇ ಸೌದೆಯನ್ನು ಲಾರಿಗಟ್ಟಲೆ ತಂದು ಬಾಯ್ಲರಿಗೆ ಸುರಿದು ಕರೆಂಟು ಮಾರುವವನು ಮಾತ್ರ ಭೂಮಿಯ ಉದ್ಧಾರಕ. ಅವನಿಗೆ ಸ್ಥಿರಾಸ್ತಿ ತೆರಿಗೆಯಲ್ಲೂ ವಿನಾಯಿತಿ ಬೇಕಂತೆ!

ಈವರೆಗೆ ಕೊಟ್ಟದ್ದು ಕಡಿಮೆಯೇ? 2017ರ ಮಾರ್ಚ್ ಒಳಗೆ ಶುರುವಾದ ವಿದ್ಯುತ್ ಘಟಕಗಳಿಗೆ ಆದಾಯ ತೆರಿಗೆ ಕಾಯ್ದೆಯ 80-ಐಎ ಕಲಂನಲ್ಲಿ ಹತ್ತು ವರ್ಷದ ಲಾಭಕ್ಕೆ ಶೇ 100 ಕಡಿತ. 2017ರ ಮಾರ್ಚ್‌ವರೆಗೆ ಯಂತ್ರಕ್ಕೆ ಒಂದೇ ವರ್ಷದಲ್ಲಿ ಶೇ 80 ಸವಕಳಿಯೂ ಇತ್ತು. ಹೋಗಲಿ, ಅದು ದೆಹಲಿಯ ಗಂಟು, ದೆಹಲಿ ಬಿಚ್ಚಿತು. ಮನೆ ಕಂದಾಯ ಹಾಗಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಕಲಂ ಅದನ್ನು ಗ್ರಾಮ ಪಂಚಾಯಿತಿಯ ಕೈಗೆ ಕೊಟ್ಟಿದೆ. ಊರಿಗೆ ತನ್ನದೆಂದು ಇರುವ ಕಾಸು ಅದೊಂದೇ ಎಂದರೂ ಸರಿ. ಅದನ್ನು ವಿಧಾನಸೌಧದಲ್ಲಿ ಕೂತವರು ಬಿಟ್ಟುಕೊಡುವುದೆಂದರೆ ಅತ್ತೆಯ ಧನ ಅಳಿಯ ದಾನ ಮಾಡಿದಂತೆ.

ಲೆಕ್ಕ ಹಾಕೋಣ ಬನ್ನಿ. ಒಂದು ಯೂನಿಟ್ಟಿಗೆ ಸುಮಾರು ಒಂದೂಕಾಲು ಕೆ.ಜಿ. ಸೌದೆ ಹಿಡಿದರೂ 6 ಮೆಗಾವಾಟ್ ಘಟಕ ಹಗಲಿರುಳು ಓಡಿದರೆ ದಿನಕ್ಕೆ 180 ಟನ್. ಆ ಲಾರಿಗಳು ಕಿತ್ತ ರಸ್ತೆಗೆ ಮಣ್ಣು ಹಾಕುವವರು ಯಾರು? ಕೃಷಿ ತ್ಯಾಜ್ಯ ಸುಡುತ್ತೇವೆ ಎನ್ನುತ್ತಾರೆ. ಯಾವ ತ್ಯಾಜ್ಯ ಸ್ವಾಮಿ? ಹಿಪ್ಪುನೇರಳೆ ಕಡ್ಡಿ ನಮ್ಮ ಒಲೆಗೆ, ಕಡ್ಲೆಕಾಯಿ ಬಳ್ಳಿ ದನಕ್ಕೆ. ಅವೂ ಬಾಯ್ಲರಿಗೆ ಹೋದರೆ ಮೊದಲು ಕಂಗೆಡುವುದು ಸೌದೆ ಕೊಂಡು ಉರಿಸಿ ನೂಲು ತೆಗೆಯುವ ರೀಲರು. ಉಳಿದದ್ದು ನೀಲಗಿರಿ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಸರ್ಕಾರವೇ ಅದನ್ನು ನಮ್ಮ ಹೊಲಕ್ಕೆ ಹೊಗಿಸಿತು, ನೆಲ ಒಣಗಿದ ಮೇಲೆ 2017ರಲ್ಲಿ ಹೊಸದಾಗಿ ನೆಡಬೇಡಿ ಎಂದಿತು. ಬಾಯ್ಲರು ಸುಮ್ಮನಿದ್ದೀತೇ, ಇನ್ನಷ್ಟು ನೆಡಿ ಎನ್ನುತ್ತದೆ.

ನೀರಿನ ಮಾತು ಎತ್ತಿದರೆ ಹೊಟ್ಟೆ ಉರಿಯುತ್ತದೆ. ಸಾವಿರ ಅಡಿ ಕೊರೆದರೂ ಫ್ಲೋರೈಡ್ ನೀರು ಬರುವ ಸೀಮೆ ಇದು. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಎಚ್‌.ಎನ್‌. ವ್ಯಾಲಿ ಯೋಜನೆಯ ಪೈಪಿನಲ್ಲಿ ಚಿಕ್ಕಬಳ್ಳಾಪುರದ ಕೆರೆಗೆ ಬಿಡುತ್ತಾರೆ. ಇಲ್ಲಿ ಕೂಲಿಂಗ್ ಟವರ್ ನಿಲ್ಲಿಸಿದರೆ ಯೂನಿಟ್ಟಿಗೆ ಹಲವು ಲೀಟರು ಆವಿ.

ಸೌದೆಯ ವಿದ್ಯುತ್ತೇ ಬೇಡವೆಂದಲ್ಲ. ಗೌರಿಬಿದನೂರಿನ ಪಕ್ಕದ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ 2007ರಲ್ಲಿ ಊರಿನ ಅಳತೆಗೆ ತಕ್ಕ 500 ಕಿಲೋವಾಟ್ ಘಟಕ ನಿಂತಿತ್ತು. ಅದಕ್ಕಾದರೆ ಊರೇ ವಿನಾಯಿತಿ ಕೊಡಲಿ, ತಕರಾರಿಲ್ಲ. ಅಮೆರಿಕದ ನ್ಯೂ ಹ್ಯಾಂಪ್‌ಶೈರಿನಲ್ಲೂ ಇಂಥ ಘಟಕ ತೆರಿಗೆಯ ಬದಲು ಎಷ್ಟು ಕೊಡಬೇಕೆಂದು ಊರಾಡಳಿತವೇ ಕೂತು ಒಪ್ಪಂದ ಮಾಡಿಕೊಳ್ಳುತ್ತದೆ. ಅಷ್ಟಾದರೂ ಅಲ್ಲಿನ ಬರ್ಲಿನ್ ಪಟ್ಟಣದ 75 ಮೆಗಾವಾಟ್ ಘಟಕ 2024ರಲ್ಲಿ ದಿವಾಳಿ ಅರ್ಜಿ ಹಾಕಿತು.

ಬೆಂಗಳೂರಿಗೆ ಅಷ್ಟು ಕರುಣೆ ಉಕ್ಕಿದರೆ ಬಿಟ್ಟ ತೆರಿಗೆಯಷ್ಟು ದುಡ್ಡನ್ನು ಮೊದಲು ಪಂಚಾಯಿತಿಯ ಖಾತೆಗೆ ಕಟ್ಟಲಿ. ಇಲ್ಲವಾದರೆ ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಪ್ರತಿ ಗ್ರಾಮಸಭೆಯೂ ಠರಾವು ಬರೆಯಲಿ: ಬಾಯ್ಲರಿಗೆ ಮಾಫಿ ಸಿಕ್ಕ ದಿನದಿಂದ ನಮ್ಮ ಗುಡಿಸಲಿಗೂ ಮಾಫಿ.